ಆರಾಮ ಅದೇವ್ರಿ

ಬೇವೂರಿನ ಮಿಲಿಟರಿ ಮುತ್ತಪ್ಪನ ಬಾಯಿಂದ ‘ನನಗೆ ತ್ರಾಸ ಆಗಿದೆ’ ಎಂಬ ಮಾತು ಹೊರಡಿಸುವುದೂ ಒಂದೇ, ಟಗರಿನಿಂದ ಹಾಲು ಕರೆಯುವುದೂ ಒಂದೇ. ಅವನ ಹೆಂಡತಿ ಸವಿತಾ ಇದನ್ನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು, ಸುಮ್ಮನೆ ಹೇಳುತ್ತಿದ್ದದ್ದಲ್ಲ. ಹದಿನಾರು ವರ್ಷದ ಹಿಂದೆ ಗಡಿಯಲ್ಲಿ ಮೈನ್ ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಯಿತಲ್ಲ, ಆಗ ಮಿಲಿಟರಿ ಆಸ್ಪತ್ರೆಯಿಂದ ಫೋನ್ ಮಾಡಿ ಈ ಮಹಾರಾಯ ಆಡಿದ ಮೊದಲ ಮಾತು, “ಆರಾಮ ಅದೇನಿ. ನೀ ಆರಾಮೇನು?” ಹಿಂದಿನಿಂದ ಯಾರೋ ನರ್ಸಮ್ಮ ಹಿಂದಿಯಲ್ಲಿ ಬಯ್ಯುವುದು ಕೇಳಿಸಿದ್ದಕ್ಕೆ ಏನೋ ಆಗಬಾರದ್ದು ಆಗಿದೆ ಎಂದು ಸವಿತಾಳಿಗೆ ತಿಳಿಯಿತು. ಇಲ್ಲದಿದ್ದರೆ ಅವನು ಹುಣಸೆಹಣ್ಣಿನ ರೇಟು ಕೇಳಿ ಫೋನ್ ಇಟ್ಟುಬಿಡುತ್ತಿದ್ದ.

ಈ ಸೀಮೆಯ ರೀತಿಯೇ ಹಾಗೆ ಅನ್ನಿ. ‘ಆರಾಮೇನ್ರಿ’ ಅಂತ ಯಾರಾದರೂ ಕೇಳಿದರೆ ‘ಆರಾಮ್ರೀ’ ಅನ್ನಲೇಬೇಕು. ಮೈಮೇಲೆ ನೂರಾ ನಾಲ್ಕು ಜ್ವರ ಇದ್ದರೂ ಮೊದಲು ಆರಾಮ ಅಂದು, ಚಹಾ ಕುಡಿದು, ಆಮೇಲೆ ಜ್ವರದ ಸುದ್ದಿ ತೆಗೆಯುವುದು. ಮುತ್ತಪ್ಪ ಮಾತ್ರ ಚಹಾ ಕುಡಿದು ಎದ್ದು ಹೋಗುತ್ತಿದ್ದ, ಆಮೇಲಿನ ಸುದ್ದಿ ಅವನ ಹತ್ತಿರ ಇರುತ್ತಿರಲಿಲ್ಲ.

ಮುತ್ತಪ್ಪನ ಎಡಗಾಲು ಪುಣೆಯದು. ಅಲ್ಲಿನ ಮಿಲಿಟರಿ ಕೇಂದ್ರದಲ್ಲಿ ಅಳತೆ ತೆಗೆದು ಮಾಡಿದ ಒಳ್ಳೆಯ ಕಾಲು. ಅದನ್ನು ತೊಟ್ಟು ಇಪ್ಪತ್ತೈದು ಕುರಿ ಹೊಡೆದುಕೊಂಡು ಶಿರೂರಿನ ಹೊಲಗಳ ತನಕ ಹೋಗಿಬರುತ್ತಿದ್ದ. ಆದರೆ ಮನುಷ್ಯನ ಮೊಂಡುಗಾಲು ವರ್ಷದಿಂದ ವರ್ಷಕ್ಕೆ ಬತ್ತುತ್ತದೆ, ಅದು ಕೂರುವ ಬಟ್ಟಲು ಮಾತ್ರ ಇದ್ದಷ್ಟೇ ಇರುತ್ತದೆ. ಬಟ್ಟಲು ಸಡಿಲಾದರೆ ಒಳಗೆ ತಿಕ್ಕಿ ಹುಣ್ಣಾಗುತ್ತದೆ. ಹೊಸ ಬಟ್ಟಲು ಬೇಕೆಂದರೆ ಬಾಗಲಕೋಟೆಯಿಂದ ಸೊಲ್ಲಾಪುರಕ್ಕೆ ಒಂದು ರೈಲು, ಅಲ್ಲಿಂದ ಪುಣೆಗೆ ಇನ್ನೊಂದು. ಅಳತೆಗೊಮ್ಮೆ, ತೊಡಿಸಿ ನೋಡಲಿಕ್ಕೊಮ್ಮೆ. ಹಾಗಾಗಿ ಕಾಲು ಕಳೆದುಕೊಂಡವರೆಲ್ಲ ಬಟ್ಟಲಿನೊಳಗೆ ಹಳೇ ಕಾಲುಚೀಲ ತುರುಕಿ ದಿನ ದೂಡುತ್ತಾರೆ. ಮುತ್ತಪ್ಪ ಒಂದರ ಮೇಲೊಂದು ಮೂರು ತೊಡುತ್ತಿದ್ದ.

ಯುಗಾದಿಯ ಹೊತ್ತಿಗೆ ಹುಣ್ಣು ದೊಡ್ಡದಾಯಿತು. ಬಾಗಲಕೋಟೆಯ ಡಾಕ್ಟರು ಗಂಡನಿಗಿಂತ ಹೆಂಡತಿಗೆ ಹೇಳುವುದೇ ಮೇಲು ಎಂದು ಕಂಡುಕೊಂಡವರು, ಸವಿತಾಳನ್ನೇ ಕೂರಿಸಿಕೊಂಡು ಹೇಳಿದರು. “ನೋಡವ್ವಾ, ಹುಣ್ಣ ಆರಿದ ಕೂಡ್ಲೇ ಹೊಸ ಬಟ್ಟಲದ ಅಳತಿ ಆಗಬೇಕು. ಮತ್ತ ಅದ ಸಡ್ಲ ಕಾಲ ಹಾಕ್ಕೊಂಡು ಅಡ್ಯಾಡಿದ್ರ ಕೀವು ಎಲುಬಿಗಿ ಇಳೀತೈತಿ. ಎಲುಬಿಗಿ ಇಳೀತಂದ್ರ ಮೊಣಕಾಲ ಉಳಿಯೂದಿಲ್ಲ.”

ಮೊಣಕಾಲು ಅಂದರೆ ಏನು ಎಂಬುದು ಎರಡೂ ಕಾಲಿದ್ದವರಿಗೆ ತಿಳಿಯುವುದಿಲ್ಲ. ಮೊಣಕಾಲು ಒಂದಿದ್ದರೆ ಪುಣೆಯ ಕಾಲು ತೊಟ್ಟು ಬಸ್ಸು ಹತ್ತಬಹುದು, ಬದು ದಾಟಬಹುದು, ಕುರಿಯ ಹಿಂದೆ ಹೆಜ್ಜೆ ಹಾಕಬಹುದು. ಅದೂ ಹೋಯಿತೆಂದರೆ ಮುತ್ತಪ್ಪನ ಪಾಲಿಗೆ ಕುರಿಯೂ ಹೋದ ಹಾಗೆಯೇ. ಸವಿತಾ ಆವತ್ತಿನಿಂದ ಆ ಒಂದು ಮೊಣಕಾಲಿಗಾಗಿ ಬದುಕತೊಡಗಿದಳು. ದಿನಾ ಸಂಜೆ ಹುಣ್ಣು ತೊಳೆದು ಪಟ್ಟಿ ಕಟ್ಟಿ, ಆರಿದ ಮೇಲೆ ಗಂಡನನ್ನು ರೈಲು ಹತ್ತಿಸಿಕೊಂಡು ಹೊರಟಳು. ಪುಣೆ ಮುಟ್ಟುವಷ್ಟರಲ್ಲಿ ಪ್ಲಾಟ್‌ಫಾರ್ಮು, ಮೆಟ್ಟಿಲು, ನೂಕುನುಗ್ಗಲು, ಎಲ್ಲ ಸೇರಿ ಹುಣ್ಣು ಮತ್ತೆ ಬಾಯಿಬಿಟ್ಟಿತ್ತು. ಹಸಿ ಹುಣ್ಣಿನ ಮೇಲೆ ಅಳತೆ ತೆಗೆಯಲಿಕ್ಕಾಗುವುದಿಲ್ಲ, ಆರಿಸಿಕೊಂಡು ಬನ್ನಿ ಎಂದರು ಅಲ್ಲಿಯವರು, ಅದು ಸರಿಯೇ. ಇನ್ನೊಮ್ಮೆ ಆರಿಸಿಕೊಂಡು ಹೋದರೂ ಅದೇ ಹಾಡು. ತಿಂಗಳಿಗೊಮ್ಮೆ ಅಳತೆಯವನೊಬ್ಬ ಬಾಗಲಕೋಟೆಗೇ ಬಂದಿದ್ದರೆ ಎಂಟು ದಿನದಲ್ಲಿ ಮುಗಿಯುವ ಕೆಲಸ ಇದು ಎಂದು ಸವಿತಾ ಹಣೆ ಚಚ್ಚಿಕೊಂಡಳು.

ಇದನ್ನೇ ಕೇಳಿ ಇಳಕಲ್ಲಿನ ಸಂಗಯ್ಯನವರು ಎರಡು ವರ್ಷದಿಂದ ಅರ್ಜಿ ಬರೆಯುತ್ತಿದ್ದರು. ಸಂಗಯ್ಯನವರು ಸುಬೇದಾರರಾಗಿ ನಿವೃತ್ತರಾದವರು, ಮೂಗಿನ ತುದಿಯಲ್ಲೇ ಸಿಟ್ಟು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳಲ್ಲಿ ಕಾಲು ಕಳೆದುಕೊಂಡ ಮಾಜಿ ಸೈನಿಕರು ಏಳು ಮಂದಿ. ಏಳೂ ಜನರ ಹೆಸರು ಬರೆದು, ಬಾಗಲಕೋಟೆಯಲ್ಲಿ ತಿಂಗಳಿಗೊಮ್ಮೆ ಕಾಲಿನ ಅಳತೆ ಮತ್ತು ದುರಸ್ತಿ ಶಿಬಿರ ಬೇಕು ಎಂದು ಅವರು ಬರೆಯದ ಕಚೇರಿ ಇರಲಿಲ್ಲ. ಏಳರಲ್ಲಿ ಮೊದಲ ಹೆಸರು ಮುತ್ತಪ್ಪನದು.

ಅಂಥದ್ದರಲ್ಲಿ ಮುತ್ತಪ್ಪ ಏನು ಮಾಡಿದ ಕೇಳಿ. ಕಾರಹುಣ್ಣಿಮೆ ಆದ ಮೇಲೆ ನೀರಿನ ಟಾಕಿ ಉದ್ಘಾಟನೆಗೆಂದು ಶಾಸಕರು ಬೇವೂರಿಗೆ ಬಂದರು. ಗುಂಪಿನಲ್ಲಿ ಇವನನ್ನು ಕಂಡು ತಾವಾಗಿಯೇ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದರು. “ಏನ್ ಫೌಜಿ, ಆರಾಮೇನು? ಏನರ ತ್ರಾಸ ಐತೇನು?”

“ಏನಿಲ್ರಿ ಸಾಹೇಬ್ರ. ಆರಾಮ ಅದೇನ್ರಿ.”

ಪಟ್ಟಿಯ ಒಳಗೆ ಕೀವು ಸೋರುತ್ತಿತ್ತು ಆಗ! ಪಕ್ಕದಲ್ಲಿದ್ದ ಸವಿತಾ ಮೊಣಕೈಯಿಂದ ತಿವಿದಳು, ಅವನು ಕಲ್ಲಿನಂತೆ ನಿಂತಿದ್ದ. ಶಾಸಕರು ಖುಷಿಯಿಂದ ಕಾರು ಹತ್ತಿದರು. ಮುಂದಿನ ತಿಂಗಳು ವಿಧಾನಸಭೆಯಲ್ಲಿ ಯಾರೋ ಅಂಗವಿಕಲ ಸೈನಿಕರ ಮಾತೆತ್ತಿದಾಗ ಇದೇ ಶಾಸಕರು ಎದ್ದು ನಿಂತು, ನಮ್ಮ ಕ್ಷೇತ್ರದಲ್ಲಿ ಖುದ್ದು ನಾನೇ ಕೇಳಿದ್ದೇನೆ, ಎಲ್ಲರೂ ಆರಾಮಾಗಿದ್ದಾರೆ ಎಂದರು. ಅವರು ಸುಳ್ಳು ಹೇಳಲಿಲ್ಲ, ಪಾಪ. ಸಂಗಯ್ಯನವರು ಅದನ್ನು ಮೊಬೈಲಿನಲ್ಲಿ ನೋಡಿ ಫೋನ್ ಮಾಡಿ ಮುತ್ತಪ್ಪನ ಜನ್ಮ ಜಾಲಾಡಿದರು.

“ಎರಡ ವರ್ಷ ನಾ ಬರದದ್ದು ಒಂದ ಮಾತಿನ್ಯಾಗ ತೊಳದ ಹಾಕಿದಿಯಲ್ಲೋ ಮಾರಾಯಾ! ಕೇಳಿದ್ರ ಹೇಳಾಕ ನಿನಗೇನಾಗಿತ್ತು?”

“ಅವ್ರು ಆರಾಮೇನು ಅಂತ ಕೇಳಿದ್ರಲ್ರಿ,” ಅಂದ ಮುತ್ತಪ್ಪ.

ಅದಾದ ಮೇಲೆ ಸಂಗಯ್ಯನವರು ಸುಮ್ಮನೆ ಕೂರಲಿಲ್ಲ. ಬೆಂಗಳೂರಿಗೆ ಎರಡು ಸಲ ಹೋಗಿ, ಕಾಣಬೇಕಾದವರನ್ನು ಕಂಡು, ಬಾಗಲಕೋಟೆಗೆ ಬರಲಿದ್ದ ವಿಧಾನಮಂಡಲದ ಸಮಿತಿಯೊಂದರ ಎದುರು ಹತ್ತು ನಿಮಿಷ ಗಿಟ್ಟಿಸಿದರು. ನವೆಂಬರಿನ ಒಂದು ಬುಧವಾರ, ಜಿಲ್ಲಾ ಪಂಚಾಯತಿ ಸಭಾಂಗಣ. ಹೊಸ ಬಟ್ಟಲಿಗೆ ಇನ್ನೂ ವೇಳೆ ಇದೆ, ಮೊಣಕಾಲು ಇನ್ನೂ ಉಳಿಯುತ್ತದೆ ಎಂದು ಸವಿತಾ ಲೆಕ್ಕ ಹಾಕಿದಳು. ಅವಳಿಗೆ ಅದೇ ಕಡೆಯ ದಾರಿ ಎನಿಸಿತ್ತು.

ಅದರ ಹಿಂದಿನ ಭಾನುವಾರ ಏಳೂ ಜನರನ್ನು, ಅವರ ಮನೆಯವರನ್ನು ಸಂಗಯ್ಯನವರು ಇಳಕಲ್ಲಿಗೆ ಕರೆಸಿಕೊಂಡರು. ಪಡಸಾಲೆಯಲ್ಲಿ ಸಾಲಾಗಿ ಕುರ್ಚಿ. ಪಕ್ಕದ ಮನೆಯ ಮಗ್ಗದ ಸಪ್ಪಳಕ್ಕೆ ಬಾಗಿಲು ಹಾಕಿ, ತಾವು ಎದುರಿಗೆ ಕೂತು, ನಾನೇ ಸಮಿತಿ ಎಂದರು.

“ಎಲ್ಲಾರೂ ಆರಾಮೇನ್ರಿ?”

“ಆರಾಮ್ರೀ!” ಏಳೂ ಬಾಯಿ ಒಂದೇ ಸಲಕ್ಕೆ.

“ಥೂ, ನಿಮ್ಮ ಬಾಯಾಗ ಮಣ್ಣ ಬೀಳ್ಲಿ!”

ಬಾದಾಮಿಯ ಯುನೂಸ ನಕ್ಕುಬಿಟ್ಟ. ಅವನಿಗೆ ಬಲಗಾಲಿನ ಪಾದವಿಲ್ಲ, ನಾಲಿಗೆ ಮಾತ್ರ ಚುರುಕು. “ನೀವೇ ಕಲಿಸಿದ್ದಲ್ರಿ ಸಾಬ್. ಇಪ್ಪತ್ತ ವರ್ಷ ಪರೇಡಿನ್ಯಾಗ ನಿಲ್ಲಿಸಿ ‘ಕೋಯೀ ತಕ್ಲೀಫ್?’ ಅಂತ ಕೇಳಿದ್ರಿ. ನಾವು ‘ನಹೀಂ ಸಾಬ್’ ಅಂತ ಒದರಿದ್ವಿ. ಒಂದ ದಿನ ಒಬ್ಬಾಂವ ‘ಹೌದು ಸಾಬ್, ಬೂಟ ಕಚ್ಚತೈತಿ’ ಅಂದಿದ್ದ. ಹದಿನೈದ ದಿನ ಅಡಗಿಮನ್ಯಾಗ ಉಳ್ಳಾಗಡ್ಡಿ ಹೆಚ್ಚಿಸಿದ್ರಿ ನೀವು.”

“ಆವತ್ತಿಂದು ಬ್ಯಾರೆ, ಇವತ್ತಿಂದು ಬ್ಯಾರೆ. ಈಗ ನಾ ಹುಕುಂ ಮಾಡಾಕ ಹತ್ತೇನಿ: ತ್ರಾಸ ಐತಿ ಅನ್ರಿ!”

ಎರಡು ತಾಸು ನಡೆಯಿತು ಈ ಕವಾಯತು. ಸಂಗಯ್ಯನವರು ‘ಆರಾಮೇನ್ರಿ’ ಎನ್ನುವುದು, ಇವರು ತಡವರಿಸುವುದು. ಹತ್ತನೆಯ ಸಲಕ್ಕೆ ಯುನೂಸ ದಾರಿಗೆ ಬಂದ, ಹದಿನೈದನೆಯದಕ್ಕೆ ಉಳಿದವರು. ಮುತ್ತಪ್ಪ ಎಲ್ಲರಿಗಿಂತ ಕಡೆಗೆ, ಯಾರದೋ ತಪ್ಪನ್ನು ತಾನು ಒಪ್ಪಿಕೊಂಡವನ ಹಾಗೆ ನೆಲ ನೋಡುತ್ತ, “ಇಲ್ರಿ, ತ್ರಾಸ ಐತ್ರಿ,” ಎಂದ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಸವಿತಾಳೂ ನಕ್ಕಳು. ಎಷ್ಟೋ ದಿನದ ಮೇಲೆ ಅವಳಿಗೆ ಜೀವ ಹಗುರಾಗಿತ್ತು.

ಒಂದೇ ಒಂದು ಕೊರೆತ ಇತ್ತು. ಮೂರು ವಾರದಿಂದ ಮುತ್ತಪ್ಪ ಪಟ್ಟಿ ಕಟ್ಟಲು ಅವಳನ್ನು ಹತ್ತಿರ ಬಿಡುತ್ತಿರಲಿಲ್ಲ. ಬಚ್ಚಲ ಬಾಗಿಲು ಹಾಕಿಕೊಂಡು ತಾನೇ ಕಟ್ಟಿಕೊಳ್ಳುತ್ತಿದ್ದ. ಕೇಳಿದರೆ, “ಆರಾಕ ಹತ್ತೇತಿ, ನೀ ರೊಟ್ಟಿ ಬಡಿ ಹೋಗು,” ಎನ್ನುವುದು. ಆರುತ್ತಿದೆ ಎಂಬ ಮಾತು ಅವಳಿಗೂ ಬೇಕಾಗಿತ್ತು. ನಂಬಿದಳು.

ಬುಧವಾರ ಬಂತು. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಪದಕ, ಏಳೂ ಜನ ಮುಂದಿನ ಸಾಲಿನಲ್ಲಿ. ಹಿಂದೆ ಹೆಂಗಸರು. ಸಮಿತಿಯವರು ಮೂರು ತಾಸು ತಡ. ಅಧ್ಯಕ್ಷೆ ಮೈಸೂರು ಕಡೆಯ ಶಾಸಕಿ, ಬೆಳ್ಳಿಗೂದಲಿನ ಹೆಂಗಸು, ದಣಿದಿದ್ದರು. ಅವರ ಎಡಗಡೆ ನಮ್ಮ ಆ ಶಾಸಕರೇ, ಅವರೂ ಸಮಿತಿಯ ಸದಸ್ಯರು. ಬಲಗಡೆ ಬರೆದುಕೊಳ್ಳುವ ಅಧಿಕಾರಿ. ಅಧ್ಯಕ್ಷೆ ಒಳಗೆ ಬಂದ ಕೂಡಲೇ ಏಳೂ ಜನ ಎದ್ದು ಸಾವಧಾನ್ ನಿಂತರು. ಮುತ್ತಪ್ಪ ಏಳುವಾಗ ಕುರ್ಚಿಯ ಕೈ ಬಿಗಿಯಾಗಿ ಹಿಡಿದದ್ದು ಸವಿತಾಳಿಗೆ ಹಿಂದಿನಿಂದ ಕಂಡಿತು.

ಅಧ್ಯಕ್ಷೆ ಕೈ ಮುಗಿದು ನಕ್ಕರು. “ಕೂತ್ಕೊಳ್ಳಿ, ಕೂತ್ಕೊಳ್ಳಿ. ಎಲ್ಲರೂ ಚೆನ್ನಾಗಿದ್ದೀರಾ?”

ಇಲ್ಲಿ ಎಡವಟ್ಟಾಯಿತು. ಇಳಕಲ್ಲಿನಲ್ಲಿ ಎರಡು ತಾಸು ತಾಲೀಮು ಆದದ್ದು ‘ಆರಾಮೇನ್ರಿ’ ಎಂಬ ಪ್ರಶ್ನೆಗೆ. ‘ಚೆನ್ನಾಗಿದ್ದೀರಾ’ ಎಂಬುದಕ್ಕೆ ಏನನ್ನಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಏಳು ಜನ ಹಳೇ ಸಿಪಾಯಿಗಳು ಎದೆ ಸೆಟೆಸಿ ಒಂದೇ ದನಿಯಲ್ಲಿ ಕೂಗಿದರು:

“ಆರಾಮ ಅದೇವ್ರಿ ಮೇಡಂ!”

ಗೋಡೆಗೆ ಒರಗಿ ನಿಂತಿದ್ದ ಸಂಗಯ್ಯನವರು ಕಣ್ಣು ಮುಚ್ಚಿಕೊಂಡರು. ಶಾಸಕರು ಅಧ್ಯಕ್ಷೆಯ ಕಡೆ ಬಾಗಿ, “ನಾ ಹೇಳಿದ್ನಲ್ರಿ ಮೇಡಂ, ನಮ್ಮ ಮಂದಿ ಗಟ್ಟಿ,” ಎಂದರು, ಅಭಿಮಾನದಿಂದಲೇ. ಅಧಿಕಾರಿ ಅದನ್ನೇ ಬರೆದುಕೊಂಡ. ಸಂಗಯ್ಯನವರು ಮುಂದೆ ಬಂದು ಅರ್ಜಿ ಓದತೊಡಗಿದರು, ಆದರೆ ಸಿಟ್ಟಿಗೋ ನಾಚಿಕೆಗೋ ಕಾಗದದಿಂದ ತಲೆ ಎತ್ತಲೇ ಇಲ್ಲ. ತಿಂಗಳ ಶಿಬಿರ, ತಂತ್ರಜ್ಞ, ಅಳತೆ, ದುರಸ್ತಿ ಎಂದು ಒಣಗಿದ ಸರಕಾರಿ ಕನ್ನಡ. ಅಧ್ಯಕ್ಷೆ ಗಡಿಯಾರ ನೋಡಿದರು. “ಒಳ್ಳೆಯದು, ಪರಿಶೀಲಿಸೋಣ. ಸದ್ಯಕ್ಕೆ ತುರ್ತು ಏನೂ ಇಲ್ಲ ಅಲ್ವಾ?” ಎಂದು ಮುಂದಿನ ಫೈಲಿಗೆ ಕೈ ಚಾಚಿದರು.

ಸವಿತಾಳಿಗೆ ಮೈ ಎಲ್ಲ ಉರಿದುಹೋಯಿತು. ತಾನು ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ.

“ಸುಳ್ಳ ಹೇಳಾಕ ಹತ್ಯಾರ್ರಿ ಇವ್ರು!”

ಸಭೆಯೇ ತಿರುಗಿ ನೋಡಿತು. “ಏ, ಕೂಡ,” ಎಂದ ಮುತ್ತಪ್ಪ ಹಲ್ಲು ಕಚ್ಚಿ.

“ಕೂಡಂಗಿಲ್ಲ. ಎಂಟ ತಿಂಗಳಿಂದ ಕುಂತೇನಿ ನಾ. ಅಕ್ಕಾರ, ಇವ್ರು ಏಳೂ ಮಂದಿ ಸುಳ್ಳ ಹೇಳ್ತಾರ್ರಿ. ತಮಗ ಗೊತ್ತಿಲ್ದಂಗ ಹೇಳ್ತಾರ. ಇವ್ರ ಬಾಯಾಗ ಆರಾಮ ಅನ್ನೂದ ಒಂದ ಮಾತ ಐತಿ. ಹುಟ್ಟಿದಾಗ ನಮ್ಮ ಮಂದಿ ಕಲಿಸಿದ್ರು, ದೊಡ್ಡಾವ್ರಾದ ಮ್ಯಾಲ ಮಿಲಿಟ್ರಿಯವ್ರು ಕಲಿಸಿದ್ರು. ನನ್ನ ಗಂಡನ ಹುಣ್ಣ ಈ ಕೈಲೆ ತೊಳದೇನಿ, ನನ್ನ ಕೇಳ್ರಿ. ಬಟ್ಟಲ ಸಡ್ಲಾಗಿ ಹುಣ್ಣಾಗೇತಿ. ಆರಿಸ್ಕೊಂಡ ಪುಣೇಕ ಹೋದ್ರ ಹೋಗೂದ್ರಾಗ ಒಡಿತೈತಿ, ಒಡದದ್ದಕ್ಕ ಅಳತಿ ತಗೊಳ್ಳಾಕ ಬರೂದಿಲ್ಲ. ಎರಡ ಸಲ ಹೋದ್ವಿ, ಎರಡೂ ಸಲ ಬರಿಗೈಲೆ ತಿರಿಗಿ ಬಂದ್ವಿ. ಅವ್ರ ತಪ್ಪಲ್ರಿ, ದೂರದ ತಪ್ಪು. ಹಿಂಗ ಆದ್ರ ಮೊಣಕಾಲ ಹೋಗತೈತಿ ಅಂತ ಡಾಕ್ಟರ್ ಹೇಳ್ಯಾರ. ಇದು ತುರ್ತ ಅಲ್ಲೇನ್ರಿ? ಅಳತಿಯಾಂವನ್ನ ತಿಂಗಳಿಗೊಮ್ಮೆ ಇಲ್ಲಿ ಕಳಸ್ರಿ. ನನ್ನ ಗಂಡನ ಮೊಣಕಾಲ ಉಳಿಸಿಕೊಡ್ರಿ, ಅಷ್ಟ.”

ಉಸಿರು ಮುಗಿದು ನಿಂತಳು. ಗಂಡನ ಕಿವಿ ಕೆಂಪಾದದ್ದು ಹಿಂದಿನಿಂದಲೇ ಕಾಣುತ್ತಿತ್ತು. ಅಯ್ಯೋ, ನಾಲ್ಕು ಮಂದಿಯ ಎದುರು ಅವನ ಮರ್ಯಾದೆ ತೆಗೆದೆನಲ್ಲ ಎನಿಸಿತು. ತೆಗೆದೆ ಹೌದು, ಮೊಣಕಾಲು ಉಳಿದರೆ ಸಾಕು ಎಂದೂ ಅನಿಸಿತು.

ಅಧ್ಯಕ್ಷೆ ಫೈಲು ಕೆಳಗಿಟ್ಟರು. “ನಿಮ್ಮ ಹೆಸರು ಮುತ್ತಪ್ಪ ಅಲ್ವಾ? ಅವರು ಹೇಳ್ತಿರೋದು ನಿಜಾನಾ?”

ಮುತ್ತಪ್ಪ ಎದ್ದ. ಇಲ್ಲ ಅಂದರೆ ಹೆಂಡತಿ ಸುಳ್ಳಿಯಾಗುತ್ತಾಳೆ, ಹೌದು ಅಂದರೆ ಇಷ್ಟು ವರ್ಷ ಆರಾಮ ಅಂದ ತಾನು ಸುಳ್ಳನಾಗುತ್ತಾನೆ. ಯುನೂಸ ಮೆಲ್ಲಗೆ ಅವನ ಅಂಗಿಯ ತುದಿ ಎಳೆದ.

“ಖರೇ ಐತ್ರಿ,” ಎಂದ ಮುತ್ತಪ್ಪ. “ಆದ್ರ ಒಂದ ಮಾತ ಆಕಿಗಿ ಗೊತ್ತಿಲ್ರಿ.”

ಸವಿತಾ ಮುಂದಿನ ಕುರ್ಚಿಯ ಬೆನ್ನು ಹಿಡಿದಳು.

“ಮೂರ ವಾರದ ಹಿಂದ ಕೆರೂರ ಸಂತಿಗಿ ಹೋಗ್ತೇನಿ ಅಂತ ಹೇಳಿ ನಾ ಡಾಕ್ಟರ್ ಕಡೆ ಹೋಗಿದ್ನಿರಿ. ಎಲುಬಿನ ಫೋಟೋ ತಗದ ನೋಡಿದ್ರು. ಕೀವು ಎಲುಬಿಗಿ ಇಳದೇತಿ ಅಂದ್ರು. ಮೊಣಕಾಲ ಮ್ಯಾಲೆ ಕೊಯ್ಯಬೇಕು, ಈಗಿಂದೀಗ ಅಡ್ಮಿಟ್ ಆಗು ಅಂದ್ರು. ನಾ ಇವತ್ತಿನ ತನಕ ರಜಾ ಕೇಳ್ಕೊಂಡ ಬಂದೆ. ಗುಳಿಗಿ ನುಂಗಕೋಂತ ಬಂದೇನಿ.”

“ಯಾಕೆ?” ಎಂದರು ಅಧ್ಯಕ್ಷೆ. ಅವರ ದನಿ ಇಳಿದಿತ್ತು.

“ಹ್ವಾದ ಸಲ ಈ ಸಾಹೇಬ್ರು ಕೇಳಿದಾಗ ನಾನ ಆರಾಮ ಅಂದಿದ್ನಿರಿ. ಅದು ದೊಡ್ಡ ಸಭಾದಾಗ ಹೋಗಿ ಬರಕಂಡಾಗೇತಿ. ನಾ ಅಂದದ್ದನ್ನ ನಾನ ಬಂದ ತಿದ್ದಬೇಕಲ್ರಿ. ದವಾಖಾನ್ಯಾಗ ಮಲಗಿದ್ರ ಯಾರ ತಿದ್ದತಾರ? ಇವತ್ತೂ ಬಾಯಿ ತಾನ ಆರಾಮ ಅಂದಬಿಟ್ತು ನೋಡ್ರಿ.” ಅವನು ಸಾಲಿನ ಕಡೆ ಕೈ ತೋರಿಸಿದ. “ನಂದು ಹ್ವಾತ್ರಿ. ನಾ ನನಗ ಬೇಡಾಕ ಬಂದಿಲ್ಲ. ಇವ್ರು ಆರು ಮಂದೀದು ಮೊಣಕಾಲ ಇನ್ನೂ ಅದಾವ. ಯುನೂಸನ ಬಟ್ಟಲ ನೋಡ್ರಿ, ಬ್ಯಾಸಗ್ಯಾಗ ಒಡದೇತಿ. ಅಳತಿಯಾಂವನ್ನ ಲಗೂನ ಕಳಸ್ರಿ.”

ಯುನೂಸ ಎದ್ದು ನಿಂತ. “ನನಗೂ ತ್ರಾಸ ಐತ್ರಿ ಮೇಡಂ,” ಎಂದ, ತಮಾಷೆಯ ಲವಲೇಶವಿಲ್ಲದೆ. ಅವನ ಹಿಂದೆ ಕೆರೂರಿನ ಬೀರಲಿಂಗ ಎದ್ದ. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಶಾಸಕರು ತಮ್ಮ ಮುಂದಿನ ನೀರಿನ ಬಾಟಲಿಯನ್ನೇ ನೋಡುತ್ತಿದ್ದರು, ಸ್ವಲ್ಪ ಹೊತ್ತಿಗೆ ತಲೆಯೆತ್ತಿ, “ಮೇಡಂ, ಅಧಿವೇಶನದಾಗ ಇದನ್ನ ನಾನ ಎತ್ತತೇನ್ರಿ. ಹ್ವಾದ ಸಲ ನಾ ಆಡಿದ್ದು ತಪ್ಪು ಅಂತನೂ ಹೇಳ್ತೇನಿ,” ಎಂದರು.

ಅಧ್ಯಕ್ಷೆ ಅಧಿಕಾರಿಯ ಕಡೆ ತಿರುಗಿ ಮೊದಲು ಬರೆದದ್ದನ್ನು ಹೊಡೆದುಹಾಕಲು ಹೇಳಿದರು. ಆಮೇಲೆ ಏಳು ಹೆಸರನ್ನೂ, ಒಬ್ಬೊಬ್ಬರ ತೊಂದರೆಯನ್ನೂ ಅವರವರ ಬಾಯಿಂದ ಕೇಳಿ ಬರೆಸಿದರು. ಹತ್ತು ನಿಮಿಷದ ಕೆಲಸ ಒಂದು ತಾಸು ಹಿಡಿಯಿತು. ಬೆಳಗಾವಿಯ ಅಧಿವೇಶನಕ್ಕೆ ಮೊದಲೇ ಬಾಗಲಕೋಟೆಯಲ್ಲಿ ಒಂದು ಶಿಬಿರ ಆಗಬೇಕು, ಅಲ್ಲಿಂದ ಮುಂದೆ ತಿಂಗಳಿಗೊಂದು ಎಂದು ಶಿಫಾರಸು ಬರೆಸಿ, ಅಲ್ಲೇ ಸಹಿ ಹಾಕಿದರು. ಜಿಲ್ಲೆಯ ಅಧಿಕಾರಿಯನ್ನು ಕರೆದು ತಾರೀಖು ಕೇಳಿದರು, ಅವರು ಹೇಳುವ ತನಕ ಬಿಡಲಿಲ್ಲ. ಸವಿತಾಳಿಗೆ ಇದೆಲ್ಲ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಸಂಗಯ್ಯನವರು ಮುತ್ತಪ್ಪನ ಎರಡೂ ಕೈ ಹಿಡಿದುಕೊಂಡು ಒಮ್ಮೆ ಅದುಮಿ, ಆಟೋ ಕರೆಯುತ್ತೇನೆಂದು ಗೇಟಿನ ಕಡೆ ನಡೆದರು. ಸವಿತಾ ಗಂಡನ ಎದುರು ನಿಂತಳು. ಸಿಟ್ಟು ನೆತ್ತಿಗೇರಿತ್ತು.

“ಮೂರ ವಾರ! ಒಂದ ಮನ್ಯಾಗ ಇದ್ದೀವಿ. ಒಂದ ತಾಟಿನ್ಯಾಗ ಉಂಡೀವಿ. ನನಗ ಹೇಳಬಾರದಿತ್ತೇನ್ರಿ? ಆ ಮೇಡಂಗ ಹೇಳಾಕ ಬರತೈತಿ, ನನಗ ಹೇಳಾಕ ಬರೂದಿಲ್ಲ? ನಾ ಹುಚ್ಚಿ, ಮೊಣಕಾಲ ಉಳಿಸಿಕೊಡ್ರಿ ಅಂತ ಊರ ಮುಂದ ಸೆರಗೊಡ್ಡಿ ನಿಂತೆ!”

“ನೀ ದಿನಾ ಬೀರಪ್ಪ ದೇವ್ರಿಗಿ ಕೈ ಮುಗದ ಮೊಣಕಾಲ ಬೇಡ್ಕೊಂತಿದ್ದಿ. ಹೆಂಗ ಹೇಳ್ಲಿ?”

ಅವಳು ಬಿಕ್ಕಳಿಸಿ ಅತ್ತಳು. ಮರೆಮಾಡಲಿಲ್ಲ, ಸೆರಗು ಹಚ್ಚಲಿಲ್ಲ, ಅಲ್ಲಿ ಅಡ್ಡಾಡುತ್ತಿದ್ದ ಕಾರಕೂನರೆಲ್ಲ ನೋಡಿದರೂ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, “ಕಾಲ ಬಿಚ್ಚರಿ,” ಎಂದಳು.

“ಇಲ್ಲೇ?”

“ಇಲ್ಲೇ. ಇನ್ನೊಂದ ಹೆಜ್ಜಿ ಅದರ ಮ್ಯಾಲ ಇಡಬ್ಯಾಡ್ರಿ.”

ಹದಿನಾರು ವರ್ಷದಲ್ಲಿ ಹೊಸ್ತಿಲ ಹೊರಗೆ ಒಮ್ಮೆಯೂ ಕಾಲು ಬಿಚ್ಚದವನು ಬೇವಿನ ಕಟ್ಟೆಯ ಮೇಲೆ ಕೂತು ಪ್ಯಾಂಟು ಮೇಲೆ ಸರಿಸಿ ಬಕಲು ಬಿಚ್ಚಿದ. ಮೂರು ಕಾಲುಚೀಲವೂ ಒದ್ದೆಯಾಗಿದ್ದವು. ವಾಸನೆ ಬಂತು. ಸವಿತಾ ಮುಖ ತಿರುಗಿಸಲಿಲ್ಲ. ಕಾಲನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದು ಹೆಗಲು ಅವನಿಗೆ ಕೊಟ್ಟಳು. ಆಟೋ ಬಂತು. ಯುನೂಸ ಇನ್ನೊಂದು ಕಡೆಯಿಂದ ಹಿಡಿದು ಹತ್ತಿಸಿ, ಹಿಂದಿನ ಆಟೋದಲ್ಲಿ ಬರುತ್ತೇವೆ ಎಂದ.

ಒಳಗೆ ಕೂತ ಮೇಲೆ ಮುತ್ತಪ್ಪ ಅವಳ ಕೈ ಹುಡುಕಿ ಹಿಡಿದ.

“ಸವಿತಾ,” ಎಂದ, ಅವಳೊಬ್ಬಳಿಗೇ ಕೇಳುವಷ್ಟು. “ನನಗ ಅಂಜಿಕಿ ಬಂದೇತಿ.”

“ನನಗೂ ಬಂದೇತ್ರಿ,” ಎಂದಳು ಅವಳು, ಕೈ ಬಿಡದೆ, ಆಟೋದವನಿಗೆ ದವಾಖಾನೆಯ ಹೆಸರು ಹೇಳಿದಳು.